ಸ್ವಿಚ್ಚು ಯಾವ ಕಡೆ

ಲಾರಿ ಹೊರಟುಹೋದ ಮೇಲೆ ಹಳೆಯ ಮನೆಯಲ್ಲಿ ನಾವು ನಾಲ್ವರು ಮಾತ್ರ ಉಳಿದೆವು. ನಾಲ್ಕು ವರ್ಷದ ಮಗಳು ಬರಿಗೋಡೆಗಳ ನಡುವೆ ನಿಂತು ‘ಕೂ’ ಎಂದಳು. ಗೋಡೆಗಳೂ ‘ಕೂ’ ಎಂದವು. ಇಷ್ಟು ದಿನ ಸುಮ್ಮನಿದ್ದ ಮನೆ ಹೊರಡುವ ಹೊತ್ತಿಗೆ ಮಾತು ಕಲಿಯಿತಲ್ಲ ಎಂದು ಅವಳಿಗೆ ಹಿಗ್ಗೋ ಹಿಗ್ಗು. ಹದಿನಾಲ್ಕು ತಿಂಗಳ ಮಗ ನನ್ನ ಸೊಂಟದ ಮೇಲೆ ಕುಳಿತು, ಅಕ್ಕ ಕೂಗಿದಾಗಲೆಲ್ಲ ಚಪ್ಪಾಳೆ ತಟ್ಟಿದ. ‘ಮಕ್ಕಳೇ ವಾಸಿ, ಎಷ್ಟು ಬೇಗ ಹೊಂದಿಕೊಂಡುಬಿಡುತ್ತಾರೆ ನೋಡು’ ಎಂದು ಹೆಂಡತಿಗೆ ಹೇಳಿದೆ. ಅವಳು ಬೀಗದ ಕೈ ಹಿಡಿದು ಬಾಗಿಲ ಬಳಿ ನಿಂತಿದ್ದಳು, ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಆಡಿದ ಮಾತನ್ನು ನುಂಗಿಕೊಳ್ಳಲು ನನಗೆ ಮೂರು ತಿಂಗಳು ಹಿಡಿಯಿತು.

ಅವಳಿಗೆ ಬೇರೆ ಊರಿಗೆ ವರ್ಗವಾಗಿತ್ತು. ಕೈಯಲ್ಲಿದ್ದದ್ದು ಆರು ವಾರ. ನನ್ನದು ಲ್ಯಾಪ್‌ಟಾಪ್ ಒಂದಿದ್ದರೆ ಎಲ್ಲಿ ಕುಳಿತರೂ ನಡೆಯುವ ಕೆಲಸ. ಹಾಗಾಗಿ ಗಂಟುಮೂಟೆ, ಮಕ್ಕಳು, ಹೊಸ ಶಿಶುವಿಹಾರ ಹುಡುಕುವುದು ಎಲ್ಲವೂ ನನ್ನ ಪಾಲಿಗೆ ಬಂದವು. ನಾನು ಲೆಕ್ಕದ ಮನುಷ್ಯ. ಡಬ್ಬಗಳಿಗೆ ನಂಬರು ಹಾಕಿದೆ, ಯಾವ ನಂಬರಿನೊಳಗೆ ಏನಿದೆ ಎಂದು ಪಟ್ಟಿ ಬರೆದೆ. ಒಟ್ಟು 41 ಡಬ್ಬ. ಕೊನೆಯ ಡಬ್ಬ ಬಿಚ್ಚಿದ ದಿನ ಮನೆ ಬದಲಿಸುವ ಕೆಲಸ ಮುಗಿಯಿತು ಎಂಬುದು ನನ್ನ ಎಣಿಕೆ. ಅದನ್ನು ಬಿಚ್ಚಿದ್ದು 18ನೆಯ ದಿನ. ಮಕ್ಕಳು ಆಗಿನ್ನೂ ಅರ್ಧ ದಾರಿಗೂ ಬಂದಿರಲಿಲ್ಲ.

ಮೊದಲ ತಪ್ಪು ಮಾಡಿದ್ದು ಹೊರಡುವುದಕ್ಕೆ ಮುಂಚೆಯೇ. ಸುದ್ದಿ ತಿಳಿದ ದಿನವೇ ಮಗಳನ್ನು ಕೂರಿಸಿಕೊಂಡು, ದೊಡ್ಡವರಿಗೆ ಹೇಳುವಂತೆ, ಆರು ವಾರದ ಮೇಲೆ ಹೊಸ ಮನೆಗೆ ಹೋಗುತ್ತೇವೆ ಎಂದು ಹೇಳಿದೆ. ಮಕ್ಕಳಿಗೆ ಸತ್ಯ ಹೇಳಬೇಕು ಎಂಬ ಹಮ್ಮು ಬೇರೆ. ಸತ್ಯವೇನೋ ಸರಿ, ಆದರೆ ಆರು ವಾರ ಎಂದರೆ ನಾಲ್ಕು ವರ್ಷದವಳಿಗೆ ಏನು? ಅವಳ ಪಂಚಾಂಗದಲ್ಲಿ ಇರುವುದು ಮೂರೇ ದಿನ. ಆಗಿಹೋದದ್ದೆಲ್ಲ ‘ನಿನ್ನೆ’, ಆಗಬೇಕಾದದ್ದೆಲ್ಲ ‘ನಾಳೆ’, ಉಳಿದದ್ದು ‘ಇವತ್ತು’. ಕಳೆದ ವರ್ಷ ಜಾರಿ ಬಿದ್ದು ಹಣೆಗೆ ಹೊಲಿಗೆ ಹಾಕಿಸಿಕೊಂಡಿದ್ದನ್ನೂ ಅವಳು ‘ನಿನ್ನೆ’ ಎಂದೇ ಹೇಳುತ್ತಾಳೆ. ಮರುದಿನ ಬೆಳಿಗ್ಗೆ ಎದ್ದವಳೇ ಬಾಗಿಲ ಬಳಿ ಚಪ್ಪಲಿ ಹಾಕಿಕೊಂಡು ನಿಂತಿದ್ದಳು. ಅದರ ಮರುದಿನವೂ. ಎರಡು ವಾರ ಹೀಗೆಯೇ ನಡೆಯಿತು. ಆಮೇಲೆ ಕೇಳುವುದನ್ನು ಬಿಟ್ಟಳು. ಅಪ್ಪ ಸುಮ್ಮನೆ ಏನೇನೋ ಹೇಳುತ್ತಾನೆ ಎಂದುಕೊಂಡಿರಬೇಕು.

ಕೊನೆಯ ವಾರ ಬುದ್ಧಿ ಓಡಿತು. ಬಣ್ಣದ ಅಂಟುಪಟ್ಟಿಯನ್ನು ಬೆರಳುದ್ದ ಕತ್ತರಿಸಿ, ಎಷ್ಟು ರಾತ್ರಿ ಉಳಿದಿದೆಯೋ ಅಷ್ಟು ತುಂಡುಗಳನ್ನು ಅವಳ ಎತ್ತರಕ್ಕೆ ಬಾಗಿಲಿಗೆ ಅಂಟಿಸಿದೆ. ದಿನಾ ಬೆಳಿಗ್ಗೆ ಎದ್ದು ಒಂದನ್ನು ಕೀಳಬೇಕು. ಎಲ್ಲ ಮುಗಿದ ದಿನ ಲಾರಿ ಬರುತ್ತದೆ. ಇದು ಅವಳಿಗೆ ಥಟ್ಟನೆ ಅರ್ಥವಾಯಿತು. ಮೂರನೆಯ ದಿನ ನೋಡುತ್ತೇನೆ, ನಾಲ್ಕು ಇರಬೇಕಾದ ಕಡೆ ಆರು ತುಂಡುಗಳಿವೆ. ಕಿತ್ತದ್ದನ್ನು ಎಸೆಯದೆ ಮುಚ್ಚಿಟ್ಟುಕೊಂಡು ಮತ್ತೆ ತಂದು ಅಂಟಿಸಿದ್ದಳು. ಅಂಟು ಆರಿದ್ದರಿಂದ ಒಂದು ತುಂಡು ಅರ್ಧ ನೇತಾಡುತ್ತಿತ್ತು. ನಾನು ನಕ್ಕು, ಹೆಂಡತಿಗೆ ತೋರಿಸಿ, ಫೋಟೋ ತೆಗೆದೆ. ಈಗ ಆ ಫೋಟೋ ನೋಡಿದರೆ ನಗು ಬರುವುದಿಲ್ಲ.

ಗಂಟು ಕಟ್ಟುವಾಗ ಮಕ್ಕಳ ಸಾಮಾನನ್ನೇ ಮೊದಲು ಕಟ್ಟಿದೆ. ಚಿಕ್ಕಚಿಕ್ಕ ವಸ್ತು, ಲೆಕ್ಕವಿಲ್ಲದಷ್ಟು, ಮೊದಲು ಮುಗಿಸಿಬಿಟ್ಟರೆ ಹಗುರ ಎಂದು. ಅದು ಎರಡನೆಯ ತಪ್ಪು. ಮಕ್ಕಳ ಸಾಮಾನನ್ನು ಕೊನೆಗೆ ಕಟ್ಟಿ ಮೊದಲು ಬಿಚ್ಚಬೇಕು. ಮಗಳ ಪಾಲಿಗೆ ಡಬ್ಬದೊಳಗೆ ಹೋದದ್ದು ಹೋಯಿತು ಎಂದೇ ಲೆಕ್ಕ. ರಾತ್ರಿ ಎದ್ದು ಟೇಪು ಹರಿದು ಗೊಂಬೆ ಉಸಿರಾಡುತ್ತಿದೆಯೇ ಎಂದು ನೋಡುತ್ತಿದ್ದಳು. ಮಗನದು ತದ್ವಿರುದ್ಧ. ಮುಚ್ಚಿಟ್ಟ ವಸ್ತು ಮುಚ್ಚಳದ ಕೆಳಗೆ ಇದ್ದೇ ಇರುತ್ತದೆ ಎಂಬ ಅರಿವು ಮಕ್ಕಳಿಗೆ ಸುಮಾರು ಎಂಟು ತಿಂಗಳ ಹೊತ್ತಿಗೆ ಮೂಡತೊಡಗುತ್ತದೆ ಎಂದು ಸ್ವಿಸ್ ಮನಶ್ಶಾಸ್ತ್ರಜ್ಞ ಪಿಯಾಜೆ ಗುರುತಿಸಿದರು. ಅದೂ ತಮ್ಮ ಮೂವರು ಮಕ್ಕಳನ್ನೇ ನೋಡುತ್ತಾ ಬರೆದಿಟ್ಟದ್ದು. ನನ್ನ ಮಗನಿಗೆ ಆ ವಿದ್ಯೆ ಹೊಸದಾಗಿ ಕೈಗೂಡಿದ ಸಂಭ್ರಮ. ನಾನು ತುಂಬಿದ್ದನ್ನೆಲ್ಲ ಹಿಂದೆಯೇ ಬಂದು ಖಾಲಿ ಮಾಡುತ್ತಿದ್ದ. ಪಿಯಾಜೆ ಮಕ್ಕಳನ್ನು ನೋಡುತ್ತಿದ್ದಾಗ ಮನೆಯಲ್ಲಿ ಗಂಟು ಕಟ್ಟುವ ಕೆಲಸ ಇರಲಿಲ್ಲವೆಂದು ಕಾಣುತ್ತದೆ.

ಒಂದು ಕೆಲಸ ಮಾತ್ರ ಸರಿಯಾಗಿ ಮಾಡಿದ್ದೆ. ಮೊದಲ ರಾತ್ರಿಗೆ ಬೇಕಾದದ್ದನ್ನೆಲ್ಲ ಲಾರಿಗೆ ಹಾಕದೆ ಒಂದು ಚೀಲದಲ್ಲಿ ಜೊತೆಗಿಟ್ಟುಕೊಂಡೆ. ಹಾಸಿಗೆಯ ಚಾದರ, ಎರಡೆರಡು ಜೊತೆ ಬಟ್ಟೆ, ಜ್ವರದ ಔಷಧ, ಲಸಿಕೆಯ ಕಾರ್ಡು, ರಾತ್ರಿಯ ಪುಟ್ಟ ದೀಪ, ಮತ್ತು ‘ಮೂಲೆ’.

ಮೂಲೆ ಎಂದರೆ ಮಗಳು ಕೂಸಾಗಿದ್ದಾಗ ಹೊದೆಯುತ್ತಿದ್ದ ಹೊದಿಕೆಯಲ್ಲಿ ಉಳಿದುಕೊಂಡಿರುವ ಒಂದು ಮೂಲೆ. ಅಂಗೈಯಗಲದ ಹತ್ತಿಬಟ್ಟೆ, ಬಣ್ಣ ಏನಿತ್ತೋ ದೇವರೇ ಬಲ್ಲ. ತುದಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ತಿರುವುತ್ತಾ, ಇನ್ನೊಂದು ತುದಿಯನ್ನು ಮೂಗಿಗೆ ಹಿಡಿದು ಮಲಗುತ್ತಾಳೆ. ಹೊಸ ಮನೆಯ ಧೂಳಿನಲ್ಲಿ ಮೂರು ದಿನ ಅದು ನೆಲವೆಲ್ಲ ಸಾರಿಸಿತು. ನಾಲ್ಕನೆಯ ದಿನ ಬಟ್ಟೆ ಒಗೆಯುವ ಯಂತ್ರಕ್ಕೆ ನೀರಿನ ಪೈಪು ಜೋಡಿಸಿದ ಖುಷಿಯಲ್ಲಿ ಅದನ್ನೂ ಹಾಕಿಬಿಟ್ಟೆ. ಸಂಜೆ ಘಮಘಮಿಸುವ ಮೂಲೆಯನ್ನು ಮಡಿಸಿ ಅವಳ ಕೈಗಿಟ್ಟೆ. ಮೂಗಿಗೆ ಹಿಡಿದಳು, ನನ್ನ ಮುಖ ನೋಡಿದಳು, ವಾಪಸ್ಸು ಕೊಟ್ಟಳು.

‘ಇದು ಬೇರೆ ಮೂಲೆ.’

‘ಅದೇ ಕಂದ, ಒಗೆದಿದ್ದೇನೆ ಅಷ್ಟೇ.’

‘ನನ್ನ ಮೂಲೆ ಎಲ್ಲಿ?’

ಹೆಂಡತಿ ಕಚೇರಿಯಿಂದ ಬರುವ ಹೊತ್ತಿಗೆ ಅತ್ತು ಅತ್ತು ಮಗಳ ಮುಖ ಊದಿಕೊಂಡಿತ್ತು. ಅವಳು ಯಂತ್ರದ ಕಡೆ ನೋಡಿ, ‘ಮೂಲೆಯನ್ನು ಒಗೆದುಬಿಟ್ಟಿರಾ?’ ಎಂದಳು. ಮನೆಗೆ ಬೆಂಕಿ ಹಚ್ಚಿಬಿಟ್ಟಿರಾ ಎನ್ನುವ ದನಿಯಲ್ಲಿ.

ಡೊನಾಲ್ಡ್ ವಿನಿಕಾಟ್ ಎಂಬ ಬ್ರಿಟಿಷ್ ಮಕ್ಕಳ ವೈದ್ಯರು 1951ರಲ್ಲೇ ಇಂಥ ಬಟ್ಟೆತುಂಡು, ಗೊಂಬೆಗಳ ಬಗ್ಗೆ ವಿವರವಾಗಿ ಬರೆದಿದ್ದಾರೆ. ತಾಯಿಯ ಮೈಗೂ ಹೊರಗಿನ ಲೋಕಕ್ಕೂ ನಡುವೆ ಮಗು ತಾನೇ ಹಾಕಿಕೊಳ್ಳುವ ಸೇತುವೆ ಅದು. ಕೊಳೆಯಾಗಿ ವಾಸನೆ ಬಂದರೂ ತಾಯಂದಿರು ಅದನ್ನು ಒಗೆಯಲು ಹೋಗುವುದಿಲ್ಲ, ಒಗೆದರೆ ಮಗುವಿನ ಅನುಭವದ ಎಳೆಯೇ ಕಡಿದುಹೋಗುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ ಎಂದೂ ಅವರು ಹೇಳಿದ್ದಾರೆ. ಇದನ್ನು ನಾನು ಓದಿದ್ದು ಒಗೆದ ಮೇಲೆ. ಯೋಚಿಸಿದರೆ ಹಳೆಯ ಮನೆಯ ವಾಸನೆ ಕೊನೆಯದಾಗಿ ಉಳಿದಿದ್ದದ್ದು ಆ ಅಂಗೈಯಗಲದ ಬಟ್ಟೆಯಲ್ಲಿಯೇ. ಅದನ್ನೂ ನಾನು ಸೋಪು ಹಾಕಿ ತೊಳೆದೆ.

ಮೂಲೆ ಮತ್ತೆ ಮೂಲೆಯಾಗಲು ಹತ್ತು ದಿನ ಬೇಕಾಯಿತು. ಹೆಂಡತಿ ಅದನ್ನು ರಾತ್ರಿ ತನ್ನ ದಿಂಬಿನ ಕೆಳಗಿಟ್ಟುಕೊಂಡು ಮಲಗುತ್ತಿದ್ದಳು.

ಮಲಗುವ ಕೋಣೆಯ ಇನ್ನೊಂದು ಸಣ್ಣ ತಮಾಷೆ ಹೇಳಬೇಕು. ಹಳೆಯ ಮನೆಯಲ್ಲಿ ಕೋಣೆಗೆ ಕಾಲಿಟ್ಟರೆ ಬಲಗೈಗೆ ಸ್ವಿಚ್ಚು ಸಿಗುತ್ತಿತ್ತು. ಇಲ್ಲಿ ಅದು ಎಡಕ್ಕೆ, ಬಾಗಿಲ ಹಿಂದೆ. ಕತ್ತಲಲ್ಲಿ ಒಳಬಂದಾಗಲೆಲ್ಲ ನನ್ನ ಬಲಗೈ ಬರಿಗೋಡೆಯನ್ನು ತಡವುತ್ತಿತ್ತು. ಹಾಸಿಗೆಯಲ್ಲಿ ಎಚ್ಚರವಿದ್ದ ಮಗಳಿಗೆ ಆ ಸದ್ದು ಪರಿಚಿತ. ‘ಅಪ್ಪ ಗೋಡೆಗೆ ಮುದ್ದು ಮಾಡುತ್ತಿದ್ದಾನೆ’ ಎಂದು ಅಮ್ಮನಿಗೆ ಪಿಸುಗುಟ್ಟುತ್ತಿದ್ದಳು.

ಐದನೆಯ ರಾತ್ರಿ ಮಗಳು ಹಾಸಿಗೆ ಒದ್ದೆ ಮಾಡಿದಳು. ಒಂದು ವರ್ಷಕ್ಕೂ ಮೇಲೆ ಒಂದು ದಿನವೂ ಹಾಗೆ ಮಾಡಿದವಳಲ್ಲ. ಏನೂ ಅನ್ನಲಿಲ್ಲ, ಚಾದರ ಬದಲಿಸಿದೆವು. ಆರನೆಯ ರಾತ್ರಿ, ಎಂಟನೆಯ ರಾತ್ರಿ, ಆಮೇಲೆ ದಿನವೂ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಹೊಸ ಜಾಗ, ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ, ತಾನೇ ಸರಿಹೋಗುತ್ತದೆ. ಫೋನಿನಲ್ಲಿ ನನ್ನ ಅಮ್ಮ, ‘ನೀನು ಏಳು ವರ್ಷದವರೆಗೂ ಮಾಡುತ್ತಿದ್ದೆ, ಬಿಡು’ ಎಂದರು. ಹೆಂಡತಿಯ ಎದುರಿಗೆ, ಸ್ಪೀಕರ್ ಹಾಕಿಕೊಂಡಿದ್ದಾಗ.

ಮೂರು ವಾರವಾದರೂ ನಿಲ್ಲದಿದ್ದಾಗ ಮಕ್ಕಳ ವೈದ್ಯರ ಬಳಿ ಕರೆದುಕೊಂಡು ಹೋದೆ. ಅವರು ಮನಸ್ಸಿನ ವಿಷಯಕ್ಕೇ ಹೋಗಲಿಲ್ಲ. ಐದು ವರ್ಷದೊಳಗೆ ರಾತ್ರಿ ಒದ್ದೆಯಾಗುವುದನ್ನು ಕಾಯಿಲೆ ಎನ್ನುವುದಿಲ್ಲ, ಆದರೆ ಆರು ತಿಂಗಳಿಗೂ ಹೆಚ್ಚು ಕಾಲ ಒಣಗಿದ್ದ ಮಗು ಮತ್ತೆ ಶುರುಮಾಡಿದರೆ ಮೊದಲು ಮೂತ್ರ ಪರೀಕ್ಷೆ ಮಾಡಬೇಕು ಎಂದರು. ಸೋಂಕು ಇರಬಹುದು, ಮಲಬದ್ಧತೆ ಇರಬಹುದು, ಅಪರೂಪಕ್ಕೆ ಸಕ್ಕರೆ ಕಾಯಿಲೆಯ ಮೊದಲ ಲಕ್ಷಣವೂ ಆಗಿರಬಹುದು. ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟಬಾರದು. ಪರೀಕ್ಷೆಯಲ್ಲಿ ಏನೂ ಬರಲಿಲ್ಲ. ಆಗ ಅವರು ಕೇಳಿದ ಪ್ರಶ್ನೆ ಇದು: ‘ಹಗಲು ಎಷ್ಟು ಸಲ ಹೋಗುತ್ತಾಳೆ?’

ನನಗೆ ಗೊತ್ತಿರಲಿಲ್ಲ. 41 ಡಬ್ಬಗಳಲ್ಲಿ ಯಾವುದರಲ್ಲಿ ಏನಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲವನಿಗೆ ಇದು ಗೊತ್ತಿರಲಿಲ್ಲ.

ಎರಡು ದಿನ ಎಣಿಸಿದೆ. ಬೆಳಿಗ್ಗೆ ಎದ್ದಾಗ ಒಮ್ಮೆ, ಶಿಶುವಿಹಾರದಲ್ಲಿ ಒಮ್ಮೆ, ಸಂಜೆ ಒತ್ತಾಯಕ್ಕೆ ಒಮ್ಮೆ. ಆ ಒತ್ತಾಯದ ಹೊತ್ತಿನಲ್ಲಿ ಅವಳು ಕಾಲಿಗೆ ಕಾಲು ಹೆಣೆದುಕೊಂಡು, ‘ಬರುತ್ತಿಲ್ಲ’ ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಎರಡನೆಯ ಸಂಜೆ ನಾನು ದೀಪ ಹಾಕಿದೆ. ಮೇಲಿನಿಂದ ಗಾಳಿ ಎಳೆಯುವ ಫ್ಯಾನು ಗರ್‌ರ್ ಎಂದು ಶುರುವಾಯಿತು. ಅವಳ ಎರಡೂ ಭುಜಗಳು ಕಿವಿಯವರೆಗೆ ಏರಿದವು. ಅಷ್ಟೇ. ಕಣ್ಣಿಗೆ ಬಿದ್ದದ್ದು ಆ ಭುಜಗಳು. ಈ ಮನೆಯಲ್ಲಿ ಬಚ್ಚಲಿನ ದೀಪಕ್ಕೂ ಫ್ಯಾನಿಗೂ ಒಂದೇ ಸ್ವಿಚ್ಚು. ದೀಪ ಹಾಕಿದರೆ ಫ್ಯಾನು ಗರ್‌ರ್ ಎನ್ನುತ್ತದೆ, ಹಾಕದಿದ್ದರೆ ಕತ್ತಲು. ಎರಡೂ ಬೇಡವೆಂದು ಅವಳು ಸಂಜೆಯೆಲ್ಲ ತಡೆದುಕೊಳ್ಳುತ್ತಿದ್ದಳು. ತುಂಬಿದ ಮೂತ್ರಕೋಶ ಇಟ್ಟುಕೊಂಡೇ ಮಲಗಿ, ಗಾಢ ನಿದ್ದೆಯಲ್ಲಿ ಬಿಟ್ಟುಬಿಡುತ್ತಿದ್ದಳು.

‘ಅದರೊಳಗೆ ಯಾರಿದ್ದಾರೆ?’ ಎಂದು ಕೇಳಿದಳು.

‘ಯಾರೂ ಇಲ್ಲ, ಫ್ಯಾನು.’

‘ಮತ್ತೆ ಯಾಕೆ ಬೈಯುತ್ತದೆ?’

ಮರುದಿನ ವಿದ್ಯುತ್ ಕೆಲಸದವರು ಬಂದು ತಂತಿ ಬೇರೆ ಮಾಡಿ ಎರಡು ಸ್ವಿಚ್ಚು ಹಾಕಿದರು. ಅರ್ಧ ಗಂಟೆಯ ಕೆಲಸ. ಅವರು ಏಣಿಯ ಮೇಲಿದ್ದಷ್ಟೂ ಹೊತ್ತು ಮಗಳು ಕೆಳಗೆ ನಿಂತು ಮೇಲ್ವಿಚಾರಣೆ ಮಾಡಿದಳು. ಯಾವುದು ಬೈಯುವ ಸ್ವಿಚ್ಚು, ಯಾವುದು ಬೈಯದ ಸ್ವಿಚ್ಚು ಎಂದು ಖಚಿತ ಮಾಡಿಕೊಂಡು, ಬೈಯದ್ದರ ಮೇಲೆ ತಾನೇ ಒಂದು ಹಳದಿ ಅಂಟುಪಟ್ಟಿ ಅಂಟಿಸಿದಳು. ಹಳೆಯ ಬಾಗಿಲಿನಿಂದ ಕಿತ್ತು ಮುಚ್ಚಿಟ್ಟುಕೊಂಡಿದ್ದ ಪಟ್ಟಿಗಳಲ್ಲಿ ಅದೂ ಒಂದು. ಒಂದು ಚಿಕ್ಕ ಸ್ಟೂಲು ತಂದಿಟ್ಟೆವು. ಮುಂದಿನ ಒಂದು ವಾರ ಮನೆಯ ಸ್ವಿಚ್ಚುಗಳೆಲ್ಲ ಅವಳ ಕೈಯಲ್ಲಿದ್ದವು. ಯಾರು ಎಲ್ಲಿಗೆ ಹೋಗಬೇಕಾದರೂ ಅವಳೇ ಮುಂದೆ ಓಡಿಹೋಗಿ ದೀಪ ಹಾಕಬೇಕು. ರಾತ್ರಿಯ ಒದ್ದೆ ಒಂದೇ ದಿನದಲ್ಲಿ ನಿಲ್ಲಲಿಲ್ಲ, ದಿನ ಬಿಟ್ಟು ದಿನವಾಯಿತು, ವಾರಕ್ಕೊಮ್ಮೆಯಾಯಿತು, ಯಾವಾಗಲೋ ನಾವು ಮರೆತೆವು.

ಮಗನ ಸಂಗತಿಯೇ ಬೇರೆ. ಅವನಿಗೆ ಹಳೆಯ ಮನೆಯ ನೆನಪು ಇದ್ದಂತೆ ಕಾಣಲಿಲ್ಲ. ಅವನ ಪಾಲಿಗೆ ಮನೆ ಎಂದರೆ ನಾನು. ನಾನು ಎದ್ದರೆ ಎದ್ದ, ನಾನು ಇನ್ನೊಂದು ಕೋಣೆಗೆ ಹೋದರೆ ಲೋಕವೇ ಮುಳುಗಿತು. ಅಗಲಿಕೆಯ ಅಂಜಿಕೆ ಈ ವಯಸ್ಸಿನಲ್ಲಿ, ಹತ್ತರಿಂದ ಹದಿನೆಂಟು ತಿಂಗಳ ನಡುವೆ, ಹೇಗೂ ತಾರಕಕ್ಕೆ ಏರಿರುತ್ತದೆ. ನಾವು ಅದೇ ಹೊತ್ತು ನೋಡಿಕೊಂಡು ಮನೆ ಕಿತ್ತಿದ್ದೆವು. ರಾತ್ರಿ ಮೂರು ಸಲ ಏಳುತ್ತಿದ್ದ. ಆದರೆ ನಡೆಯಲು ಕಲಿತದ್ದೂ ಆ ಗದ್ದಲದಲ್ಲೇ. 23ನೆಯ ನಂಬರಿನ ಖಾಲಿ ಡಬ್ಬವನ್ನು ತಳ್ಳುತ್ತಾ ತಳ್ಳುತ್ತಾ ಒಂದು ಮಧ್ಯಾಹ್ನ ಅದನ್ನು ಬಿಟ್ಟು ನಾಲ್ಕು ಹೆಜ್ಜೆ ನಡೆದು ಸೀದಾ ನನ್ನ ಲ್ಯಾಪ್‌ಟಾಪಿನ ಮೇಲೆ ಬಿದ್ದ. ಆ ಹೊತ್ತಿಗೆ ಕಚೇರಿಯ ಸಭೆ ನಡೆಯುತ್ತಿತ್ತು. ಅವನ ಮೊದಲ ಹೆಜ್ಜೆಗಳಿಗೆ ಹನ್ನೊಂದು ಮಂದಿ ಸಹೋದ್ಯೋಗಿಗಳು ಸಾಕ್ಷಿ, ಹೆತ್ತ ತಾಯಿ ಇರಲಿಲ್ಲ. ರಾತ್ರಿ ಇದನ್ನು ಹೇಳಲೋ ಬೇಡವೋ ಎಂದು ಯೋಚಿಸಿದೆ. ಹೇಳಲಿಲ್ಲ. ಎರಡು ದಿನ ಬಿಟ್ಟು ಅವಳೆದುರು ಅವನು ನಡೆದಾಗ, ‘ಮೊದಲನೆಯ ಸಲ!’ ಎಂದು ಅವಳು ಕೂಗಿದಳು. ನಾನೂ ಕೂಗಿದೆ. ಇದನ್ನು ಓದಿದರೆ ಅವಳಿಗೆ ಈಗ ಗೊತ್ತಾಗುತ್ತದೆ.

ಹೆದರಿ ನಡುಗಿದ್ದು ಒಮ್ಮೆ. ಬಂದು ಒಂಬತ್ತನೆಯ ದಿನ. ಎಲ್ಲೆಲ್ಲೂ ಅರ್ಧ ಬಿಚ್ಚಿದ ಡಬ್ಬಗಳು, ನೆಲದ ಮೇಲೆ ತಿರುಪು, ಮೊಳೆ, ಏನೇನೋ. ಮಗ ಮುಷ್ಟಿ ಬಿಗಿಹಿಡಿದು ಬಾಯಿಯ ಕಡೆ ಒಯ್ಯುತ್ತಿದ್ದ. ಬಿಡಿಸಿ ನೋಡಿದರೆ ಬಟನ್ ಬ್ಯಾಟರಿ. ತೂಕದ ಯಂತ್ರದ ಹಿಂಬದಿಯ ಮುಚ್ಚಳ ಸಾಗಾಟದಲ್ಲಿ ಸಡಿಲವಾಗಿತ್ತು. ಉಂಗುರದಷ್ಟಗಲದ, ಬೆಳ್ಳಗೆ ಹೊಳೆಯುವ ಆ ಬಿಲ್ಲೆ ಅವನ ಬೆವರಿದ ಅಂಗೈಗೆ ಅಂಟಿಕೊಂಡಿತ್ತು. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲಿನ ತೇವಕ್ಕೆ ವಿದ್ಯುತ್ ಹರಿದು ಎರಡೇ ಗಂಟೆಯಲ್ಲಿ ಸುಟ್ಟುಹೋಗುವಷ್ಟು ಗಾಯವಾಗಬಹುದು. ನುಂಗಿದ ಅನುಮಾನ ಬಂದರೆ ಸಾಕು, ಕೆಮ್ಮು ವಾಂತಿ ಬರಲಿ ಎಂದು ಕಾಯದೆ, ವಾಂತಿ ಮಾಡಿಸಲೂ ಹೋಗದೆ ತಕ್ಷಣ ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಓಡಬೇಕು. ನಮಗೆ ಓಡುವ ಪ್ರಮೇಯ ಬರಲಿಲ್ಲ. ಆ ಸಂಜೆ ನಾನು ಮಂಡಿಯೂರಿ, ಅವನ ಕಣ್ಣಿನ ಎತ್ತರಕ್ಕೆ ಇಳಿದು, ಮನೆಯೆಲ್ಲ ಅಂಬೆಗಾಲಿಟ್ಟೆ. ಮಂಚದ ಕೆಳಗೆ ಎರಡು ನಾಣ್ಯ, ಒಂದು ಮಾತ್ರೆ. ಬಚ್ಚಲಲ್ಲಿ ಅರ್ಧ ಬಕೆಟ್ ನೀರು. ಪುಸ್ತಕದ ಕಪಾಟು ಗೋಡೆಗೆ ಇನ್ನೂ ಬಿಗಿದಿರಲಿಲ್ಲ, ಒಂದು ಬೆರಳಿನಿಂದ ಎಳೆದರೆ ಮುಂದಕ್ಕೆ ವಾಲುತ್ತಿತ್ತು. ನಿಂತು ನೋಡಿದಾಗ ಇದೇ ಮನೆ ಒಪ್ಪವಾಗಿ ಕಂಡಿತ್ತು.

ಮೊಬೈಲಿನ ವಿಷಯವನ್ನು ಮುಚ್ಚಿಡುವುದಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಒಂದು ವರ್ಷದವರಿಗೆ ಬೇಡವೇ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಹಳೆಯ ಮನೆಯಲ್ಲಿ ನಾವು ಅದರಂತೆ ನಡೆಯುವವರೆಂದು ಸ್ವಲ್ಪ ಜಂಬವೂ ಇತ್ತು. ಸಾಮಾನು ಬಿಚ್ಚಿದ ವಾರಗಳಲ್ಲಿ ಕೆಲವು ದಿನ ಮೂರು ಗಂಟೆ ದಾಟಿತು. ಅದೇ ಸಂಸ್ಥೆ ಮೂರು ನಾಲ್ಕು ವರ್ಷದವರಿಗೆ ಹತ್ತರಿಂದ ಹದಿಮೂರು ಗಂಟೆ ನಿದ್ದೆ ಬೇಕು ಎಂದೂ ಹೇಳಿದೆ. ಮಗಳು ಒಂಬತ್ತಕ್ಕೆ ಇಳಿದಿದ್ದಳು. ಇವೆರಡಕ್ಕೂ ನಂಟಿದೆ ಎಂದು ತಿಳಿಯಲು ವಿದ್ವತ್ತು ಬೇಕಿರಲಿಲ್ಲ. ಕಪಾಟು ಕೂಡಿಸುವಾಗ ಅವಳ ಕೈಗೆ ಫೋನು ಕೊಡುವ ಬದಲು ತಿರುಪುಗಳ ಬಟ್ಟಲು ಕೊಟ್ಟೆ, ಮಗನನ್ನು ಮಲಗಿಸಿ. ಕೆಲಸ ಎರಡು ಪಟ್ಟು ನಿಧಾನವಾಯಿತು. ಆ ಕಪಾಟಿನಲ್ಲಿ ಇಂದಿಗೂ ಒಂದು ತಿರುಪು ಕಮ್ಮಿ.

ಶಿಶುವಿಹಾರದಲ್ಲಿ ಎರಡನೆಯ ದಿನ ಅಲ್ಲಿನವರು, ಅವಳು ಆಟದಲ್ಲಿ ಮುಳುಗಿದಾಗ ಸದ್ದಿಲ್ಲದೆ ಹೊರಟುಬಿಡಿ, ಅಳುವುದು ತಪ್ಪುತ್ತದೆ ಎಂದು ಸಲಹೆ ಕೊಟ್ಟರು. ಹೊರಟೆ. ಅಲ್ಲಿ ಅಳು ತಪ್ಪಿತೋ ಏನೋ, ಮನೆಯಲ್ಲಿ ನಾನು ಬಚ್ಚಲಿಗೆ ಹೋದರೂ ಹೊರಗೆ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತುಕೊಳ್ಳತೊಡಗಿದಳು. ಒಂದು ಕಡೆ ತಮ್ಮ, ಇನ್ನೊಂದು ಕಡೆ ಅಕ್ಕ, ಕಾವಲು ಪಡೆ. ನಾನು ಕಣ್ಣು ತಪ್ಪಿಸಿ ಹೋಗುವವನು ಎಂದು ಅವಳಿಗೆ ಖಾತ್ರಿಯಾಗಿಬಿಟ್ಟಿತ್ತು. ಆಮೇಲೆ ಅವರ ಮಾತು ಕೇಳಲಿಲ್ಲ. ದಿನವೂ ಅವಳ ಮುಂದೆ ಕುಳಿತು, ‘ಹೋಗುತ್ತಿದ್ದೇನೆ, ಊಟವಾಗಿ ಕೈ ತೊಳೆದ ಮೇಲೆ ಬರುತ್ತೇನೆ’ ಎಂದು ಹೇಳಿ, ಅವಳು ಅತ್ತರೂ ಹೇಳಿ, ಹೊರಟೆ. ಹೇಳಿದ ಹೊತ್ತಿಗೆ ಬಾಗಿಲಲ್ಲಿ ನಿಂತಿರುವುದೇ ಮುಖ್ಯ. ಒಂದು ದಿನ ಐದು ನಿಮಿಷ ತಡವಾಗಿ ಹೋದದ್ದಕ್ಕೆ ಮೂರು ದಿನದ ಸಾಧನೆ ಮಣ್ಣುಪಾಲಾಯಿತು.

ಹೆಂಡತಿಯ ಮೇಲೆ ಮಗಳಿಗೆ ಸಿಟ್ಟು. ಬೆಳಗಿನಿಂದ ಸಂಜೆಯವರೆಗೆ ಗದರುವವನು ನಾನು, ಸಿಟ್ಟು ಮಾತ್ರ ಅವಳ ಮೇಲೆ. ಸಂಜೆ ಅವಳು ಬಂದರೆ ಮುಖ ತಿರುಗಿಸಿಕೊಳ್ಳುವುದು, ಅವಳು ಊಟ ಮಾಡಿಸಲು ಬಂದರೆ ಬಾಯಿ ಮುಚ್ಚಿಕೊಳ್ಳುವುದು. ಒಂದು ರಾತ್ರಿ ಕಪಾಟನ್ನು ಯಾವ ಗೋಡೆಗೆ ಇಡಬೇಕು ಎಂಬ ವಿಷಯಕ್ಕೆ ನಾವಿಬ್ಬರೂ ಜಗಳವಾಡಿದೆವು. ದನಿ ಏರಿದ್ದು ಕಪಾಟಿಗಲ್ಲ. ‘ಇದೆಲ್ಲ ನನ್ನಿಂದಲೇ ಅಲ್ಲವೇ’ ಎಂದು ಅವಳು ಅತ್ತಾಗ ನನಗೆ ಅದು ತಿಳಿಯಿತು. ಅಲ್ಲ ಎಂದೆ. ಪೂರ್ತಿ ಮನಸ್ಸಿನಿಂದ ಹೇಳಿದೆನೇ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಮಾರನೆಯ ದಿನದಿಂದ ರಾತ್ರಿ ಕತೆ ಹೇಳುವ ಕೆಲಸವನ್ನು ನಾನು ಬಿಟ್ಟುಕೊಟ್ಟೆ. ಎಷ್ಟೇ ತಡವಾದರೂ ಕತೆ ಅಮ್ಮನದೇ. ಮೊದಲ ಮೂರು ರಾತ್ರಿ ಮಗಳು ಗೋಡೆಯ ಕಡೆ ತಿರುಗಿ ಮಲಗಿ ಕೇಳಿಸಿಕೊಂಡಳು. ನಾಲ್ಕನೆಯ ರಾತ್ರಿ, ಕತೆಯಲ್ಲಿ ಅಮ್ಮ ಬೇಕೆಂದೇ ಮಾಡಿದ ತಪ್ಪನ್ನು ತಿದ್ದಲು ಈ ಕಡೆ ತಿರುಗಿದಳು.

ಒಂದು ಪ್ರಶ್ನೆ ಮಾತ್ರ ಅವಳು ನನಗೇ ಕೇಳುತ್ತಿದ್ದಳು. ‘ಆ ಮನೆ ಈಗ ಏನು ಮಾಡುತ್ತಿದೆ?’ ಮೊದಲ ಸಲ ನಾನು, ‘ಅಲ್ಲಿಗೆ ಬೇರೆ ಮಕ್ಕಳು ಬಂದಿದ್ದಾರೆ’ ಎಂದೆ. ನಿಜವೇ. ಆ ದಿನ ಅವಳು ಅತ್ತ ಪರಿಯನ್ನು ನೋಡಿ ಮುಂದಿನ ಸಲ, ‘ನಿನಗೆ ಏನನ್ನಿಸುತ್ತದೆ?’ ಎಂದು ತಿರುಗಿ ಕೇಳಿದೆ. ‘ನಮ್ಮನ್ನು ಕಾಯುತ್ತಿದೆ’ ಎಂದಳು. ವಾರಕ್ಕೆ ಒಂದೆರಡು ಸಲ ಈ ವಿಚಾರಣೆ ನಡೆಯುತ್ತಿತ್ತು, ಹಾಸಿಗೆಯಲ್ಲಿ, ದೀಪ ಆರಿದ ಮೇಲೆ. ಮನೆ ಕಾಯುತ್ತಿತ್ತು, ಅಳುತ್ತಿತ್ತು, ಒಮ್ಮೆ ಅದಕ್ಕೆ ಜ್ವರ ಬಂದಿತ್ತು. ಎರಡನೆಯ ತಿಂಗಳಿನಲ್ಲಿ ಒಂದು ರಾತ್ರಿ, ‘ಆ ಮಕ್ಕಳ ಜೊತೆ ಆಡುತ್ತಿದೆ’ ಎಂದಳು. ಅದಾದ ಮೇಲೆ ಪ್ರಶ್ನೆ ಅಪರೂಪವಾಯಿತು. ಕೊನೆಯ ಸಲ ಕೇಳಿದವನು ನಾನೇ: ‘ಆ ಮನೆ ಏನು ಮಾಡುತ್ತಿದೆಯೋ ಈಗ?’ ಮೂಲೆಯನ್ನು ಮೂಗಿಗೆ ಹಿಡಿದುಕೊಂಡೇ, ‘ನಿದ್ದೆ’ ಎಂದಳು.

ಮೊನ್ನೆ ಒಂದು ಸಂಜೆ ಹೊರಗೆ ಹೋಗಿದ್ದವರು ಕತ್ತಲಾದ ಮೇಲೆ ಮರಳಿದೆವು. ದಾರಿಯಲ್ಲೇ ನಿದ್ದೆಹೋಗಿದ್ದ ಮಗನನ್ನು ಎಡಹೆಗಲಿಗೆ ಹಾಕಿಕೊಂಡು ಮಲಗುವ ಕೋಣೆಗೆ ಕಾಲಿಟ್ಟೆ. ಚೀಲ ಹಿಡಿದಿದ್ದ ಬಲಗೈಯನ್ನು ಹಾಗೆಯೇ ಎತ್ತಿ ಗೋಡೆ ತಡವಿದೆ. ನುಣುಪು ಗೋಡೆ. ಇನ್ನೂ ಸ್ವಲ್ಪ ಮೇಲೆ ತಡವಿದೆ. ಹಿಂದಿನಿಂದ ಸ್ಟೂಲು ನೆಲದ ಮೇಲೆ ಎಳೆದುಕೊಂಡು ಬರುವ ಸದ್ದು ಕೇಳಿಸಿತು.

‘ಅಪ್ಪ, ಅದು ಆ ಮನೆಯಲ್ಲಿ. ಇಲ್ಲಿ ಈ ಕಡೆ.’

ದೀಪ ಹತ್ತಿತು. ಬಾಗಿಲ ಹಿಂದಿನಿಂದ ಇಣುಕಿದ ಅವಳು ಗೋಡೆಯ ಮೇಲಿದ್ದ ನನ್ನ ಕೈಯನ್ನು ನೋಡಿ, ತಮ್ಮ ಏಳದಿರಲೆಂದು ಬಾಯಿಗೆ ಬೆರಳಿಟ್ಟುಕೊಂಡು ನಕ್ಕಳು.